ರಿಯಾಯಿತಿಯ ಕಡಿತ ಮತ್ತು ನಮೂದಾಗದ ಖರ್ಚು

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ಅರ್ಥಶಾಸ್ತ್ರಜ್ಞನಲ್ಲ. ಮೂವತ್ತೆರಡು ವರ್ಷ ಈ ಮುಂಬಯಿಯಲ್ಲಿ ಲೆಕ್ಕಪತ್ರ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು. ಜಮಾ ಖರ್ಚು ಸರಿದೂಗಿದ ಮೇಲೂ ಯಾವುದೋ ಒಂದು ಬಾಬು ಎಲ್ಲಿಯೂ ನಮೂದಾಗದೆ ಉಳಿದಿರಬಹುದೆಂಬ ಗುಮಾನಿ ಆ ವೃತ್ತಿಯಿಂದ ಬಂದದ್ದು. ಇಂದು ಅಂಥದೊಂದು ಬಾಬಿನ ಕುರಿತು ನಾಲ್ಕು ಮಾತು.

ನನ್ನ ಮಗಳ ಸಂಸಾರ ಇಂಗ್ಲೆಂಡಿನಲ್ಲಿದೆ. ಕೆಲವು ವರ್ಷಗಳ ಹಿಂದೆ ಒಂದು ಬೇಸಗೆಯನ್ನು ಅಲ್ಲಿ ಕಳೆದೆ. ಪಕ್ಕದ ಬಾಡಿಗೆ ಮನೆಯಲ್ಲಿ ಒಬ್ಬ ಹೆಣ್ಣುಮಗಳು, ಎರಡು ಮಕ್ಕಳ ತಾಯಿ, ಶಾಲೆಯೊಂದರ ಅಡುಗೆಮನೆಯಲ್ಲಿ ಅರೆಹೊತ್ತಿನ ದುಡಿಮೆ. ಒಂದು ಸಂಜೆ ಆಕೆ ಮೂರು ಲಕೋಟೆ ಹಿಡಿದು ಬಂದಳು. ಒಂದೇ ವರ್ಷದ ಕೌನ್ಸಿಲ್ ತೆರಿಗೆಗೆ ಮೂರು ಬಿಲ್ಲು, ಮೂರರಲ್ಲೂ ಬೇರೆ ಬೇರೆ ಮೊತ್ತ. ಸಂಬಳ ಏರಿಳಿದಂತೆ ರಿಯಾಯಿತಿಯೂ ಬದಲಾಗಿತ್ತು. “ನೀವು ಲೆಕ್ಕದವರಂತೆ, ನಾನು ಕಟ್ಟಬೇಕಾದದ್ದು ಎಷ್ಟೆಂದು ಹೇಳುತ್ತೀರಾ?” ಎಂದು ಕೇಳಿದಳು. ಎರಡು ಗಂಟೆ ಕೂತರೂ ನನಗದು ಬಗೆಹರಿಯಲಿಲ್ಲ.

ಕೌನ್ಸಿಲ್ ತೆರಿಗೆಯೆಂದರೆ ನಮ್ಮ ಆಸ್ತಿ ತೆರಿಗೆಯ ದಾಯಾದಿ. ಆದರೆ ಅಲ್ಲಿ ಅದನ್ನು ಸಾಮಾನ್ಯವಾಗಿ ಕಟ್ಟಬೇಕಾದವರು ಮನೆಯಲ್ಲಿ ವಾಸಿಸುವವರು, ಬಾಡಿಗೆದಾರರೂ ಸೇರಿ. ಆದುದರಿಂದ ಬಡವರಿಗೆ ರಿಯಾಯಿತಿ ಕೊಡುವ ಪ್ರಶ್ನೆ ಅಲ್ಲಿ ತಪ್ಪಿದ್ದಲ್ಲ. 1990ರಲ್ಲಿ ಥ್ಯಾಚರ್ ಸರಕಾರ ಇಂಗ್ಲೆಂಡಿನಲ್ಲಿ ತಲೆಗಂದಾಯ ಹೇರಿದಾಗ, ಕಡುಬಡವನೂ ಅದರ ಶೇಕಡಾ 20ನ್ನಾದರೂ ತೆರಲೇಬೇಕೆಂದು ವಿಧಿಸಿತ್ತು. ಆ ವರ್ಷದ ಮಾರ್ಚ್ 31ರಂದು ಲಂಡನ್ನಿನ ಟ್ರಾಫಲ್ಗರ್ ಚೌಕದಲ್ಲಿ ನಡೆದ ಗಲಭೆ ಹಿರಿಯರಿಗೆ ನೆನಪಿರಬಹುದು. 1993ರಲ್ಲಿ ತಲೆಗಂದಾಯ ಹೋಗಿ ಕೌನ್ಸಿಲ್ ತೆರಿಗೆ ಬಂತು. ಜೊತೆಗೆ, ತೀರ ಬಡವರ ಬಿಲ್ಲನ್ನು ಪೂರ್ತಿ ಮನ್ನಾ ಮಾಡಬಲ್ಲ ಸಹಾಯಧನವೂ ಬಂತು. ದೇಶಕ್ಕೆಲ್ಲ ಒಂದೇ ನಿಯಮ.

2013ರ ಏಪ್ರಿಲಿನಲ್ಲಿ ಅದನ್ನು ರದ್ದುಗೊಳಿಸಲಾಯಿತು. ನಿಮ್ಮ ನಿಮ್ಮ ಯೋಜನೆಯನ್ನು ನೀವೇ ಮಾಡಿಕೊಳ್ಳಿ ಎಂದು ಕೇಂದ್ರವು ಸ್ಥಳೀಯ ಕೌನ್ಸಿಲುಗಳಿಗೆ ಹೇಳಿತು. ಹೇಳುವಾಗಲೇ ಅನುದಾನದಲ್ಲಿ ಶೇಕಡಾ 10ರಷ್ಟನ್ನು ಕತ್ತರಿಸಿತು. ಸ್ವಾಯತ್ತತೆ ಎಂಬ ಸುಂದರವಾದ ಪದ ಇಲ್ಲಿ ಬಳಕೆಯಾಯಿತು. ಪಿಂಚಣಿದಾರರನ್ನು ಮುಟ್ಟಕೂಡದೆಂಬ ಕಟ್ಟಳೆ ಇದ್ದುದರಿಂದ ಕಡಿತವೆಲ್ಲ ದುಡಿಯುವ ವಯಸ್ಸಿನ ಬಡವರ ಮೇಲೆ ಬಿತ್ತು. ಒಟ್ಟು ನೆರವಿನಲ್ಲಿ ವೃದ್ಧರ ಪಾಲು ಸುಮಾರು ಅರ್ಧದಷ್ಟಿತ್ತು, ಹೀಗಾಗಿ ಶೇಕಡಾ 10 ಇವರ ಪಾಲಿಗೆ ಶೇಕಡಾ 20ರ ಹತ್ತಿರ ಬಂದು ನಿಂತಿತು. ಎಷ್ಟೋ ಕೌನ್ಸಿಲುಗಳು ಬಡವರಿಂದ ಕನಿಷ್ಠ ಶೇಕಡಾ 20 ವಸೂಲು ಮಾಡತೊಡಗಿದವು. 1993ರಲ್ಲಿ ಹಿಂಬಾಗಿಲಿನಿಂದ ಹೋದದ್ದು ಮುಂಬಾಗಿಲಿನಿಂದ ಮರಳಿತೆನ್ನಿ. ಸ್ಕಾಟ್‌ಲೆಂಡ್ ಮತ್ತು ವೇಲ್ಸಿನ ಸರಕಾರಗಳಾದರೋ ಹಳೆಯ ನೆರವನ್ನು ಬಹುತೇಕ ಉಳಿಸಿಕೊಂಡವು.

ಇನ್ನು ನನ್ನ ಬಾಬಿನ ವಿಷಯ. ಹೀಗೆ ಉಳಿಸಿದ ಹಣ ನಿಜವಾಗಿ ಬೊಕ್ಕಸಕ್ಕೆ ಬಂದಿತೆ? ಲಂಡನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕಡಿತದಿಂದ ಹೆಚ್ಚುವರಿಯಾಗಿ ವಿಧಿಸಿದ ತೆರಿಗೆಯಲ್ಲಿ ಸುಮಾರು ಕಾಲುಭಾಗ ಆ ವರ್ಷ ವಸೂಲೇ ಆಗಲಿಲ್ಲ. ವಾರಕ್ಕೆ ಕೆಲವೇ ಪೌಂಡಿನ ಬಾಕಿಗಾಗಿ ಜ್ಞಾಪನಾಪತ್ರ, ಆಮೇಲೆ ನ್ಯಾಯಾಲಯದ ಆದೇಶ, ಆಮೇಲೆ ಜಪ್ತಿಯವರು. ಜ್ಞಾಪನೆಯ ನಂತರವೂ ಕಂತು ಕಟ್ಟದಿದ್ದರೆ ಇಡೀ ವರ್ಷದ ಬಾಕಿಯನ್ನು ಒಮ್ಮೆಲೇ ತೆರಬೇಕು. 2014ರ ನಿಯಮದಂತೆ ಕಡತ ಜಪ್ತಿಯವರ ಕೈ ಸೇರಿದೊಡನೆ 75 ಪೌಂಡ್, ಅವರು ಬಾಗಿಲಿಗೆ ಬಂದರೆ ಮತ್ತೆ 235 ಪೌಂಡ್ ಶುಲ್ಕ ಬೀಳುತ್ತಿತ್ತು, ಅದೂ ಸಾಲಗಾರನ ತಲೆಯ ಮೇಲೆಯೇ. ಪಕ್ಕದ ಮನೆಯಾಕೆ ಹೆದರಿದ್ದು ತೆರಿಗೆಗಿಂತ ಹೆಚ್ಚಾಗಿ ಈ ಶುಲ್ಕಗಳಿಗೆ. ಬಿಲ್ಲುಗಳನ್ನು ಮತ್ತೆ ಮತ್ತೆ ಮುದ್ರಿಸುವ, ಅಂಚೆಗೆ ಹಾಕುವ, ದೂರವಾಣಿಯಲ್ಲಿ ಉತ್ತರಿಸುವ ಗುಮಾಸ್ತರ ಸಂಬಳವನ್ನು ಉಳಿತಾಯದ ಬದಿಯಲ್ಲಿ ಯಾರು ಕಳೆದು ತೋರಿಸುತ್ತಾರೆ?

ಲಂಡನ್ನಿನ ಹ್ಯಾರಿಂಗೆ ಕೌನ್ಸಿಲಿನ ಪ್ರಕರಣವನ್ನು ಹೇಳಲೇಬೇಕು. ಆ ಕೌನ್ಸಿಲು ತನ್ನ ಯೋಜನೆಯ ಬಗ್ಗೆ ಪ್ರಜೆಗಳ ಅಭಿಪ್ರಾಯ ಕೇಳಿತು, ಆದರೆ ರಿಯಾಯಿತಿ ತಗ್ಗಿಸುವುದೊಂದೇ ದಾರಿ ಎಂಬಂತೆ ಕೇಳಿತು. ತೆರಿಗೆ ಏರಿಸಬಹುದಿತ್ತು, ಬೇರೆ ಖರ್ಚು ತಗ್ಗಿಸಬಹುದಿತ್ತು, ಮೀಸಲು ನಿಧಿಗೆ ಕೈಹಾಕಬಹುದಿತ್ತು. ಈ ಪರ್ಯಾಯಗಳನ್ನು ತಿಳಿಸದೆ ಅಭಿಪ್ರಾಯ ಕೇಳಿದ್ದು ಕಾನೂನುಬಾಹಿರವೆಂದು 2014ರ ಅಕ್ಟೋಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ತೀರ್ಪಿತ್ತಿತು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯವೆನಿಸುವುದು ಇದೇ.

ಏಕೆಂದರೆ ನಮ್ಮ ನಗರದ ಮಾತೂ ಇದೆ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರ ಮುಂಬಯಿ ಪಾಲಿಕೆಯ ವ್ಯಾಪ್ತಿಯಲ್ಲಿ 500 ಚದರಡಿವರೆಗಿನ ಮನೆಗಳಿಗೆ ಆಸ್ತಿ ತೆರಿಗೆ ಮನ್ನಾ ಮಾಡಿತು. ಈ ಸಭೆಯಲ್ಲಿ ಕೂತ ಹಲವರಿಗೆ ಅದರ ಲಾಭವಾಗಿದೆ, ನನಗೂ ಆಗಿದೆ. ಇಲ್ಲಿ ವರಮಾನದ ಪ್ರಶ್ನೆಯಿಲ್ಲ, ಅಳತೆಪಟ್ಟಿಯೊಂದೇ ಸಾಕ್ಷಿ. ಮೂರು ಲಕೋಟೆಯ ಗೋಳಿಲ್ಲ, ಒಪ್ಪುತ್ತೇನೆ. ಆದರೆ ದಕ್ಷಿಣ ಮುಂಬಯಿಯ 450 ಚದರಡಿಯ ಬೆಲೆಬಾಳುವ ಫ್ಲ್ಯಾಟಿನ ಯಜಮಾನನಿಗೂ ಮನ್ನಾ, ಅವನ ಬಾಡಿಗೆದಾರನ ಬಾಡಿಗೆ ಇಳಿದೀತೆಂಬ ಖಾತರಿ ಮಾತ್ರ ಇಲ್ಲ. ಆ ಹಣದಲ್ಲಿ ಬೇರೆ ಏನಾಗಬಹುದಿತ್ತೆಂದು ನಮ್ಮನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಮುಂದೊಮ್ಮೆ ಈ ಮನ್ನಾವನ್ನು ಬದಲಿಸುವ ಮಾತು ಬಂದರೆ, ಮತ ಕೇಳಲು ಬಂದವರ ಮುಂದೆ ನಾನು ಇಡಲಿರುವುದು ಆ ಹ್ಯಾರಿಂಗೆಯ ಪ್ರಶ್ನೆಯನ್ನೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.