ಬಾಳೆಯ ಸುಳಿ ಮತ್ತು ಬೆನ್ನುಹುರಿ



ಮನುಷ್ಯನ ನರವ್ಯೂಹದ ಬಗ್ಗೆ ಒಂದು ಗಂಟೆ ಮಾತಾಡಿ ಎಂದು ಸಂಘದವರು ಕೇಳಿದರು. ಒಪ್ಪಿಕೊಂಡೆ. ಮೆದುಳಿನಿಂದ ಹೊರಡುವ 12 ಜೋಡಿ, ಬೆನ್ನುಹುರಿಯಿಂದ ಹೊರಡುವ 31 ಜೋಡಿ ನರಗಳ ಹೆಸರನ್ನೆಲ್ಲ ಒಪ್ಪಿಸುವುದು ತರಗತಿಯ ಕೆಲಸ, ಅದನ್ನು ಇಲ್ಲಿ ಮಾಡುವುದಿಲ್ಲ. ನಾನು ಹೇಳಬೇಕೆಂದು ಬಂದಿರುವುದು ಒಂದೇ ದಿನದ ಸುದ್ದಿ. ಗರ್ಭ ನಿಂತ 28ನೆಯ ದಿನದ್ದು.

ಅದಕ್ಕೆ ಮುಂಚೆ ‘ನರ’ ಎಂಬ ಶಬ್ದ. ನಮ್ಮ ಕಲಬುರಗಿ ಭಾಗದಲ್ಲಿ ಸಲೈನ್ ಹಚ್ಚುವಾಗ ಸೂಜಿ ರಕ್ತನಾಳಕ್ಕೆ ಹೋಗದಿದ್ದರೆ ‘ನರಾ ಸಿಗವಲ್ದು’ ಅನ್ನುತ್ತೇವೆ. ಮೀನಖಂಡ ಸೆಟೆದರೆ ‘ನರಾ ಹಿಡದದ’ ಅನ್ನುತ್ತೇವೆ. ಪುಸ್ತಕದ ನರ ಈ ಎರಡೂ ಅಲ್ಲ. ವಿದ್ಯಾರ್ಥಿಯಾಗಿದ್ದಾಗ, ಹಳ್ಳಿಯ ರೋಗಿಯೊಬ್ಬರು ಹೀಗೆ ಹೇಳಿದ್ದಕ್ಕೆ ನಾವು ನಾಲ್ಕು ಜನ ನಕ್ಕೆವು. ನಮ್ಮ ಅಂಗರಚನಾ ಶಾಸ್ತ್ರದ ಮೇಷ್ಟ್ರು ಗದರಿಸಲಿಲ್ಲ, ಕೂಡಿಸಿಕೊಂಡು ಹೇಳಿದರು: ಗ್ರೀಕರ ‘ನ್ಯೂರಾನ್’ ಕೂಡ ಮೊದಲು ಬಿಲ್ಲಿನ ಹೆದೆಯಂಥ ಸ್ನಾಯುರಜ್ಜುವಿನ ಹೆಸರೇ. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಹೆರೋಫಿಲಸ್ ಹೆಣ ಸೀಳಿ ನೋಡಿದ ಮೇಲೆಯೇ ಸ್ನಾಯುರಜ್ಜು ಬೇರೆ, ನರ ಬೇರೆಯಾದದ್ದು. ತಮಿಳರ ‘ನರಂಬು’ ಇವತ್ತಿಗೂ ನರವೂ ಹೌದು, ವೀಣೆಯ ತಂತಿಯೂ ಹೌದು. ನಮ್ಮ ‘ಸ್ನಾಯು’ ಮಾಂಸಖಂಡ, ಬಂಗಾಳಿಗಳ ‘ಸ್ನಾಯು’ ನರ. ಮುಟ್ಟಿದರೆ ಹುರಿಯಂತೆ ಹತ್ತುವುದಕ್ಕೆಲ್ಲ ಜನ ಒಂದೇ ಹೆಸರಿಟ್ಟರು. ಕಣ್ಣು ಮುಚ್ಚಿ ಮುಟ್ಟಿ ನೋಡಿದರೆ ನಾನೂ ನೀವೂ ಹಾಗೇ ಇಡುತ್ತಿದ್ದೆವು.

ಆ ಮೇಷ್ಟ್ರಿಂದಲೇ ನನಗೆ ಈ 28ನೆಯ ದಿನದ ಹುಚ್ಚು ಹತ್ತಿದ್ದು. ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಈ ಸೀಮೆಯ ಹುಡುಗರು ದೇಹ ಬಿಚ್ಚಿ ಓದುವುದನ್ನು ಊರಲ್ಲೇ ಕಲಿತರು. ಪ್ರೊಜೆಕ್ಟರು ಗಿಜೆಕ್ಟರು ಇಲ್ಲದ ಕಾಲ. ಮೇಷ್ಟ್ರು ಕಮಲಾಪುರದ ಕಡೆಯಿಂದ ಬರುವಾಗ ಒಂದು ದಿನ ಬಾಳೆಯ ಎಲೆ ತಂದರು. ಕಮಲಾಪುರದ ಕೆಂಪುಬಾಳೆ ನಿಮಗೆಲ್ಲ ಗೊತ್ತು, ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ‘ಬಾಳೆಯ ಎಲೆ ಹೆಂಗ ಹುಟ್ಟತದ? ಸುತ್ತಿಕೊಂಡು, ಸುಳಿಯಾಗಿ. ಆಮ್ಯಾಲೆ ಅರಳತದ. ನಮ್ಮ ನರವ್ಯೂಹ ಇದರ ಉಲ್ಟಾ. ಅರಳಿದ ಎಲೆಯಾಗಿ ಹುಟ್ಟಿ, ಆಮ್ಯಾಲೆ ಸುಳಿಯಾಗತದ.’ ಇಷ್ಟು ಹೇಳಿ ಎಲೆಯ ಎರಡೂ ಅಂಚನ್ನು ನಡುದಂಟಿನ ಮೇಲೆ ತಂದು ಕೂಡಿಸಿದರು. ಭ್ರೂಣಶಾಸ್ತ್ರದ ಮೂವತ್ತು ಪುಟ ಅಲ್ಲಿಗೆ ಅರ್ಥವಾಯಿತು.

ಮೂರನೇ ವಾರದಲ್ಲಿ ಭ್ರೂಣವೆಂದರೆ ಮೂರು ಪದರಗಳ ಒಂದು ಚಪ್ಪಟೆ ತಟ್ಟೆ. ಮೇಲಿನ ಪದರದಿಂದ ಚರ್ಮ ಆಗಬೇಕು. ಅದೇ ಪದರದ ನಡುಭಾಗ ದಪ್ಪವಾಗಿ ಎಲೆಯಾಕಾರ ತಾಳುತ್ತದೆ, ತಲೆಯ ಕಡೆ ಅಗಲ, ಬಾಲದ ಕಡೆ ಕಿರಿದು. ಚರ್ಮವೂ ಮೆದುಳೂ ಒಂದೇ ಪದರದ ಮಕ್ಕಳು ಎಂಬುದು ನನಗೆ ಇಂದಿಗೂ ಸೋಜಿಗ. ಎಲೆಯ ನಡುವೆ ಗಾಡಿಜಾಡಿನಂತೆ ತಗ್ಗು ಬೀಳುತ್ತದೆ, ಅಂಚುಗಳು ಏಳುತ್ತವೆ, ಒಂದನ್ನೊಂದು ಹುಡುಕಿಕೊಂಡು ಬರುತ್ತವೆ. ಅವು ಮೊದಲು ಕೂಡುವುದು ಮುಂದೆ ಕುತ್ತಿಗೆಯಾಗುವ ಜಾಗದಲ್ಲಿ, ಸುಮಾರು 22ನೆಯ ದಿನ. ಅಲ್ಲಿಂದ ಮುಚ್ಚಿಕೊಳ್ಳುವ ಕೆಲಸ ಮೇಲಕ್ಕೂ ಕೆಳಕ್ಕೂ ಸಾಗುತ್ತದೆ. ತಲೆಯ ಕಡೆಯ ಬಾಯಿ ಸುಮಾರು 25ನೆಯ ದಿನ ಮುಚ್ಚುತ್ತದೆ, ಬಾಲದ ಕಡೆಯದು 28ರ ಹೊತ್ತಿಗೆ. ಕೂಡುವಾಗ ಅಂಚಿನಿಂದ ಕಳಚಿ ಹೊರಗೆ ನಡೆದುಹೋಗುವ ಕೋಶಗಳೂ ಇವೆ. ಕರುಳಿನ ನರಗಳು, ಚರ್ಮದ ಬಣ್ಣ, ಮುಖದ ಎಲುಬುಗಳ ಒಂದು ಪಾಲು ಆಗುವುದು ಅವುಗಳಿಂದ.

ಎಲೆ ಹೀಗೆ ಸುತ್ತಿ ಕೊಳವೆಯಾಗಿ ಮುಚ್ಚಿದ ಮೇಲಿನ ಕತೆಯನ್ನು ಬೇಗ ಮುಗಿಸುತ್ತೇನೆ. ಅದರ ಮುಂದಿನ ತುದಿ ಮೂರು ಕಡೆ ಉಬ್ಬುತ್ತದೆ, ಐದನೇ ವಾರದಲ್ಲಿ ಮೂರು ಐದಾಗುತ್ತವೆ, ಮೆದುಳಿನ ಎಲ್ಲ ಭಾಗಗಳೂ ಆ ಐದು ಉಬ್ಬುಗಳಿಂದಲೇ. ಉಳಿದ ಕೊಳವೆ ಬೆನ್ನುಹುರಿ. ಮೂರನೇ ತಿಂಗಳಲ್ಲಿ ಅದು ಬೆನ್ನೆಲುಬಿನಷ್ಟೇ ಉದ್ದ. ಆಮೇಲೆ ಎಲುಬು ಹುರಿಗಿಂತ ಬೇಗ ಬೆಳೆಯುವುದರಿಂದ, ದೊಡ್ಡವರಲ್ಲಿ ಹುರಿ ಸೊಂಟದ ಮೊದಲ ಅಥವಾ ಎರಡನೇ ಕಶೇರುವಿನ ಹತ್ತಿರವೇ ಮುಗಿದಿರುತ್ತದೆ. ಹೆರಿಗೆಯ ಆಪರೇಷನ್‌ಗೆ ಬೆನ್ನಿಗೆ ಸೂಜಿ ಚುಚ್ಚುವುದು ಅದಕ್ಕೂ ಕೆಳಗೆ. ಆ ಸೂಜಿ ಹುರಿಗೆ ತಾಗುತ್ತದೆಂದು ಅಂಜುವ ಹೆಣ್ಣುಮಕ್ಕಳಿಗೆ ದಯವಿಟ್ಟು ಇದನ್ನು ಹೇಳಿ.

ಈಗ ನನ್ನ ತಕರಾರು. ಬಹಳ ವರ್ಷಗಳ ಹಿಂದೆ ಕಮಲಾಪುರದ ಹತ್ತಿರದ ಹಳ್ಳಿಯಲ್ಲಿ ಆರೋಗ್ಯ ಶಿಬಿರವಿತ್ತು. ತಾಯಿಯೊಬ್ಬಳು ಎಳೆಗೂಸನ್ನು ಬೋರಲು ಮಲಗಿಸಿ ತೋರಿಸಿದಳು. ಸೊಂಟದ ಮೇಲೆ ತೆಳುಪೊರೆಯ ಗಡ್ಡೆ. ಬಾಲದ ಕಡೆಯ ಸುಳಿ ಮುಚ್ಚಿರಲಿಲ್ಲ. ಕಾಲುಗಳಲ್ಲಿ ಚಲನೆ ಇರಲಿಲ್ಲ. ಆಕೆ ಕೇಳಿದ್ದು ಮದ್ದಿನ ಮಾತಲ್ಲ. ‘ಗ್ರಹಣ ಹಿಡದಾಗ ನಾ ಹೊರಗ ಬಂದಿದ್ನ್ರಿ, ಕೈಯಾಗ ಈಳಿಗಿ ಇತ್ತು. ಅದಕ್ಕೇ ಕೂಸಿನ ಬೆನ್ನು ಸೀಳ್ಯದೇನ್ರಿ?’ ಆಗ ಎಷ್ಟು ತಿಂಗಳಾಗಿತ್ತೆಂದು ಕೇಳಿದೆ. ಏಳು ಅಂದಳು. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ ಎಂದಷ್ಟೇ ಹೇಳಿ ಮುಂದಿನವರನ್ನು ಕರೆದೆ. ಆಕೆ ನಂಬಲಿಲ್ಲವೆಂಬುದು ಮುಖದಲ್ಲೇ ಗೊತ್ತಾಗುತ್ತಿತ್ತು. ಕಾರಣ ಹೇಳದ ಮಾತನ್ನು ಯಾಕೆ ನಂಬಬೇಕು? ಹೇಳಬೇಕಾಗಿದ್ದದ್ದು ಇಷ್ಟು: ಮುಚ್ಚಬೇಕಾದ ಸುಳಿ ಮೊದಲ ತಿಂಗಳೇ ಮುಚ್ಚದೆ ಉಳಿದಿತ್ತು. ಏಳನೇ ತಿಂಗಳ ಗ್ರಹಣ, ಈಳಿಗೆ, ಹೊಸ್ತಿಲು ಯಾವುದಕ್ಕೂ ಅದರಲ್ಲಿ ಪಾಲಿಲ್ಲ.

ಹೀಗೆ ಸುಳಿ ಮುಚ್ಚದಿರುವುದು ಅಪರೂಪದ ರೋಗವೆಂದು ನಾವು ಓದಿದ್ದ ಇಂಗ್ಲಿಷ್ ಪುಸ್ತಕಗಳು ಹೇಳುತ್ತಿದ್ದವು. ದಾವಣಗೆರೆಯ ಮಕ್ಕಳ ವೈದ್ಯ ಎಂ.ಎಲ್. ಕುಲಕರ್ಣಿಯವರು ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಅಲ್ಲಿನ ಹೆರಿಗೆಗಳನ್ನು ಲೆಕ್ಕ ಹಾಕಿ, ಸಾವಿರಕ್ಕೆ ಹನ್ನೊಂದರಷ್ಟು ಎಂದು ಬರೆದರು. ಆಸ್ಪತ್ರೆಗೆ ಬಂದ ಹೆರಿಗೆಗಳ ಲೆಕ್ಕ ಅದು, ನಿಜ. ಆದರೂ ನಮ್ಮ ನಾಡಿನ ಈ ದುಃಖವನ್ನು ಎಣಿಸಿ ಹೊರಜಗತ್ತಿಗೆ ತೋರಿಸಿದವರು ಕರ್ನಾಟಕದ್ದೇ ಒಂದು ಊರಿನ ವೈದ್ಯರು ಎಂಬುದನ್ನು ನಾವು ಮರೆತಿದ್ದೇವೆ.

ಉಪಾಯವೂ ನಮ್ಮ ಸುತ್ತಲಿಂದಲೇ ಹೊರಟದ್ದು. ಮುಂಬಯಿಯ ಗಿರಣಿ ಕೆಲಸದ ಬಸುರಿಯರ ರಕ್ತಹೀನತೆಗೆ ಲೂಸಿ ವಿಲ್ಸ್ ಎಂಬ ವೈದ್ಯೆ 1930ರ ಸುಮಾರಿಗೆ ಯೀಸ್ಟ್‌ನ ಸಾರದಲ್ಲಿ ಮದ್ದು ಕಂಡರು. ಅದರೊಳಗಿನ ವಸ್ತುವೇ ಫೋಲಿಕ್ ಆಮ್ಲ. ಹೆಸರಿನ ಮೂಲ ಲ್ಯಾಟಿನ್ ‘ಫೋಲಿಯಂ’, ಎಂದರೆ ಎಲೆ. ಅದನ್ನು ಕೃತಕವಾಗಿ ತಯಾರಿಸಿದ ಅಮೆರಿಕದ ತಂಡದ ಹಿರಿಯರು ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್. ಮುಂದೆ 1991ರಲ್ಲಿ ಏಳು ದೇಶಗಳ ಪರೀಕ್ಷೆ ಮುಗಿಯಿತು. ಒಮ್ಮೆ ಇಂಥ ಕೂಸು ಹೆತ್ತ ತಾಯಂದಿರು ಗರ್ಭ ನಿಲ್ಲುವ ಮೊದಲೇ ಫೋಲಿಕ್ ಆಮ್ಲ ತೆಗೆದುಕೊಂಡರೆ, ಮತ್ತೆ ಹಾಗಾಗುವ ಅಪಾಯ ಶೇಕಡಾ 72ರಷ್ಟು ಇಳಿಯುತ್ತದೆಂದು ತಿಳಿಯಿತು. ಎಲೆಯಂಥ ಭ್ರೂಣ ಸುಳಿಯಾಗಲು ಎಲೆಯ ಹೆಸರಿನ ಸತ್ವ ಬೇಕು. ನಮ್ಮ ಮೇಷ್ಟ್ರಿಗೆ ಇದು ಗೊತ್ತಾಗಬೇಕಿತ್ತು.

‘ನಮ್ಮದು ತೊಗರಿಯ ಕಣಜ, ಪುಂಡಿಪಲ್ಯ ಮೆಂತ್ಯಪಲ್ಯ ತಿನ್ನೋರು ನಾವು, ನಮಗ್ಯಾಕ ಗುಳಿಗಿ?’ ಎಂದು ಕೇಳುವವರಿದ್ದಾರೆ. ಬೇಳೆಯಲ್ಲಿ, ಸೊಪ್ಪಿನಲ್ಲಿ ಫೋಲೇಟ್ ಇದೆ, ತಿನ್ನಲೇಬೇಕು. ಆದರೆ ಅದು ನೀರಿಗೆ ಬಿಟ್ಟುಕೊಳ್ಳುತ್ತದೆ, ಕುದಿಸಿದರೆ ಕ್ಷೀಣಿಸುತ್ತದೆ. ಅಮೆರಿಕದಲ್ಲಿ 1998ರಿಂದ ಗೋಧಿಹಿಟ್ಟಿಗೇ ಫೋಲಿಕ್ ಆಮ್ಲವನ್ನು ಕಡ್ಡಾಯವಾಗಿ ಬೆರೆಸುತ್ತಾರೆ. ನಮ್ಮ ಊಟ ಜೋಳದ ರೊಟ್ಟಿ. ಜೋಳ ಬೀಸುವುದು ಓಣಿಯ ಗಿರಣಿಯಲ್ಲಿ, ಮನೆಯ ಡಬ್ಬಿಯಿಂದ ಮನೆಯ ಡಬ್ಬಿಗೆ. ಅಲ್ಲಿ ಬೆರೆಸುವವರು ಯಾರು?

ಇನ್ನು ಗುಳಿಗೆ. ನಮ್ಮಲ್ಲಿ ಮೂರು ತಿಂಗಳು ತುಂಬುವವರೆಗೆ ಬಸಿರಿನ ಸುದ್ದಿ ಹೊರಗೆ ಹಾಕುವುದಿಲ್ಲ. ದೃಷ್ಟಿಯಾದೀತೆಂಬ ಪ್ರೀತಿಯ ಅಂಜಿಕೆ ಅದು. ಸುದ್ದಿ ಆಶಾ ಕಾರ್ಯಕರ್ತೆಗೆ ಮುಟ್ಟಿ, ತಾಯಿ ಕಾರ್ಡ್ ಆಗಿ, ಗುಳಿಗೆ ಕೈಗೆ ಬರುವ ಹೊತ್ತಿಗೆ ಸುಳಿ ಮುಚ್ಚಿ ತಿಂಗಳು ಎರಡಾಗಿರುತ್ತದೆ. ಆಗಿನ ಗುಳಿಗೆ ರಕ್ತಕ್ಕೆ ಒಳ್ಳೆಯದು, ಬೆನ್ನುಹುರಿಗೆ ತಡ.

ಇಲ್ಲಿಯವರೆಗೆ ನಾನು ಖಚಿತವಾಗಿ ಮಾತಾಡಿದೆ. ಮುಂದಿನದು ನನಗೇ ಬಗೆಹರಿದಿಲ್ಲ. ಗ್ರಹಣದ ತಪ್ಪಿನಿಂದ ಆ ತಾಯಿಯನ್ನು ಬಿಡಿಸಿದ ಕೈಯಲ್ಲೇ ‘ಗುಳಿಗೆ ನುಂಗಲಿಲ್ಲ’ ಎಂಬ ಹೊಸ ತಪ್ಪನ್ನು ಅವಳ ಉಡಿಗೆ ಹಾಕುತ್ತಿದ್ದೇನೆಯೇ? ಗುಳಿಗೆ ನುಂಗಿದರೂ ಕೆಲವು ಕೂಸುಗಳ ಸುಳಿ ಮುಚ್ಚುವುದಿಲ್ಲ, ಆ ತಾಯಿಗೆ ಅತ್ತೆಮನೆಯವರು ಏನನ್ನುತ್ತಾರೆ? ಉಪ್ಪಿನಲ್ಲಿ ಬೆರೆಸಿ ಎಲ್ಲರಿಗೂ ತಿನಿಸಿಬಿಡುವುದು ಸರಿಯೇ? ಅಥವಾ ಮದುವೆಗೆ ಬಂದ ಪ್ರತಿ ಹುಡುಗಿಯನ್ನೂ ನಾಳಿನ ಬಸುರಿ ಎಂದೇ ಕಾಣುವುದು ಅವಳಿಗೆ ಮಾಡುವ ಅನ್ಯಾಯವೇ? ಒಮ್ಮೊಮ್ಮೆ ಹೌದೆನಿಸುತ್ತದೆ. ಆ ಕೂಸಿನ ಕಾಲು ನೆನಪಾದಾಗ ಅಲ್ಲ ಅನಿಸುತ್ತದೆ.

ನಿಮ್ಮ ಮನೆಯಲ್ಲಿ ಲಗ್ನ ನಿಶ್ಚಯವಾದರೆ ಹುಡುಗ, ಹುಡುಗಿ ಇಬ್ಬರನ್ನೂ ಕೂಡಿಸಿ ಇದನ್ನು ಹೇಳಿ. ಕೂಸು ಬೇಕೆಂದುಕೊಳ್ಳುವ ತಿಂಗಳಿಗೆ ಮುಂಚಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಹಿಂದೆ ಇಂಥ ಕೂಸು ಹುಟ್ಟಿದ್ದರೆ ಹತ್ತು ಪಟ್ಟು, ವೈದ್ಯರನ್ನು ಕೇಳಿ. ಮುಟ್ಟು ತಪ್ಪಿ ಎರಡು ವಾರವಾಗುವಷ್ಟರಲ್ಲಿ ಸುಳಿ ಮುಚ್ಚಿರುತ್ತದೆ.