ಲೇಖನಿ ವಿದ್ಯಾರ್ಥಿಯ ಕೈಯಲ್ಲೇ ಇರಲಿ

(ವಿದ್ಯಾರ್ಥಿಗಳು ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಪವಿತ್ರ ಕುರ್‌ಆನಿನ ಪ್ರಥಮವಾಗಿ ಅವತೀರ್ಣವಾದ ಸೂಕ್ತಗಳು ಓದುವ ಆಜ್ಞೆಯಿಂದ ಆರಂಭವಾಗುತ್ತವೆ. ಅಲ್ಲಿಯೇ ಲೇಖನಿಯ ಪ್ರಸ್ತಾಪವೂ ಇದೆ. ಇದನ್ನು ನಮ್ಮ ಸಭೆಗಳಲ್ಲಿ ಕೇಳದವರಿಲ್ಲ. ಆದರೆ ಮಕ್ಕಳ ಶಿಕ್ಷಣದ ಮಾತು ಬಂದಾಗ ಓದಿನ ಬಗ್ಗೆ ನಡೆಯುವಷ್ಟು ಚರ್ಚೆ ಲೇಖನಿಯ ಬಗ್ಗೆ ನಡೆಯುವುದಿಲ್ಲ. ಮಗ ಎಷ್ಟು ಅಂಕ ಗಳಿಸಿದ ಎಂದು ವಿಚಾರಿಸುವ ಮನೆಗಳು ಅನೇಕವಿವೆ. ಓದಿದ್ದನ್ನು ತನ್ನದೇ ಮಾತಿನಲ್ಲಿ ಒಂದು ಪುಟ ಬರೆಯಬಲ್ಲನೇ ಎಂದು ವಿಚಾರಿಸುವ ಮನೆಗಳು ವಿರಳ.

ಸಾಚಾರ್ ಸಮಿತಿಯ ವರದಿ 2006ರಲ್ಲಿ ಸರಕಾರದ ಕೈ ಸೇರಿತು. 2001ರ ಜನಗಣತಿಯಂತೆ ದೇಶದ ಸಾಕ್ಷರತೆ ಶೇ. 64.8 ಇದ್ದರೆ ಮುಸ್ಲಿಮರದ್ದು ಶೇ. 59.1 ಎಂದು ಅದು ತಿಳಿಸಿತು. ಪದವಿ ಅಥವಾ ಡಿಪ್ಲೊಮಾ ಪಡೆದ ಮುಸ್ಲಿಮ್ ವಯಸ್ಕರು ಶೇ. 4ನ್ನೂ ತಲಪಿರಲಿಲ್ಲ. ಈ ಹಿನ್ನೆಲೆಯಿಂದ ಕಾಲೇಜಿನ ಮೆಟ್ಟಿಲೇರಿದ ನಮ್ಮ ಮಕ್ಕಳಲ್ಲಿ ಅನೇಕರು ತಮ್ಮ ಮನೆತನದ ಪ್ರಥಮ ಪದವೀಧರರು. ಮನೆಯಲ್ಲಿ ಉರ್ದು ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ, ಕಾಲೇಜಿನಲ್ಲಿ ಇಂಗ್ಲಿಷ್. ನಾಲ್ಕು ಭಾಷೆಗಳ ನಡುವೆ ಬೆಳೆದ ಈ ಮಗು ಬರೆಯಲು ಕುಳಿತಾಗ ತಡವರಿಸುತ್ತದೆ. ಆ ತಡವರಿಕೆಗೆ 'ದಡ್ಡತನ' ಎಂಬ ಹೆಸರು ಕೊಡಲಾಗುತ್ತದೆ. ಅಲ್ಲಿಂದ ಕಾಲೇಜು ತೊರೆಯುವುದಕ್ಕೆ ಬಹಳ ದೂರವಿಲ್ಲ.

ಇದೇ ಸಮಸ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಎದುರಿಸಿದ ಒಂದು ವಿಶ್ವವಿದ್ಯಾನಿಲಯದ ಕಥೆಯನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ. ಅದು ಅಮೆರಿಕದ ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ. ಅಮೆರಿಕದ ಯುದ್ಧನೀತಿಯನ್ನು ಖಂಡಿಸುವವರು ಅಲ್ಲಿಂದ ಕಲಿಯುವುದೇನಿದೆ ಎಂದು ಯಾರಾದರೂ ಕೇಳಬಹುದು. ಬದ್ರ್ ಯುದ್ಧದ ಕೈದಿಗಳಲ್ಲಿ ವಿಮೋಚನಾ ಧನ ತೆರಲಾಗದ ಅಕ್ಷರಸ್ಥರು ಮದೀನಾದ ಹತ್ತು ಮಕ್ಕಳಿಗೆ ಓದು-ಬರಹ ಕಲಿಸಿದರೆ ಬಿಡುಗಡೆ ಎಂದು ಪ್ರವಾದಿವರ್ಯರು(ಸ) ನಿಶ್ಚಯಿಸಿದ್ದು ಚರಿತ್ರೆಯಲ್ಲಿ ದಾಖಲಾಗಿದೆ. ಖಡ್ಗ ಹಿಡಿದು ಬಂದವರಿಂದಲೂ ಲೇಖನಿಯನ್ನು ಪಡೆದ ಸಮುದಾಯವಿದು.

ಆ ವಿಶ್ವವಿದ್ಯಾನಿಲಯದ ಮೂಲ ಸಂಸ್ಥೆಯಾದ ಸಿಟಿ ಕಾಲೇಜು 1847ರಲ್ಲಿ ಬಡವರ ಮಕ್ಕಳಿಗೆ ಉಚಿತ ಉನ್ನತ ಶಿಕ್ಷಣ ನೀಡಲೆಂದು ಸ್ಥಾಪನೆಯಾಯಿತು. ಆದರೆ ಅದರ ಹೊರಗಿನ ಹಾರ್ಲೆಮ್ ಪ್ರದೇಶದ ಕಪ್ಪು ವರ್ಣೀಯರ ಮಕ್ಕಳು ಒಳಗೆ ಕಾಣುತ್ತಿದ್ದುದು ಬಹಳ ಕಡಿಮೆ. 1969ರ ಎಪ್ರಿಲ್‌ನಲ್ಲಿ ಕಪ್ಪು ವರ್ಣೀಯ ಮತ್ತು ಪೋರ್ಟೊ ರಿಕೊ ಮೂಲದ ವಿದ್ಯಾರ್ಥಿಗಳು ಕಾಲೇಜಿನ ಆವರಣದ ಒಂದು ಭಾಗವನ್ನು ವಶಪಡಿಸಿಕೊಂಡು ಪ್ರತಿಭಟಿಸಿದರು. ಪರಿಣಾಮವಾಗಿ 1970ರಿಂದ ನಗರದ ಪ್ರೌಢಶಾಲೆಗಳಲ್ಲಿ ತೇರ್ಗಡೆಯಾದ ಪ್ರತಿಯೊಬ್ಬರಿಗೂ ವಿಶ್ವವಿದ್ಯಾನಿಲಯದ ಯಾವುದಾದರೊಂದು ಕಾಲೇಜಿನಲ್ಲಿ ಪ್ರವೇಶದ ಭರವಸೆ ದೊರೆಯಿತು. ಹಿಂದಿನ ವರ್ಷ ಸುಮಾರು 20,000 ಇದ್ದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 35,000ಕ್ಕೇರಿತು.

ಬಾಗಿಲೇನೋ ತೆರೆಯಿತು. ಆದರೆ ಒಳಬಂದವರಲ್ಲಿ ಸಾವಿರಾರು ಮಂದಿಗೆ ಕಾಲೇಜು ನಿರೀಕ್ಷಿಸುವ ಬರವಣಿಗೆಯ ಅಭ್ಯಾಸವೇ ಇರಲಿಲ್ಲ. ಇವರು ಕಲಿಯಲು ಅರ್ಹರಲ್ಲ, ಕಾಲೇಜಿನ ಮಟ್ಟ ಕುಸಿಯಿತು ಎಂಬ ಕೂಗೆದ್ದಿತು. ಆಗ ಸಿಟಿ ಕಾಲೇಜಿನ ಅಧ್ಯಾಪಕಿ ಮೀನಾ ಶಾಗ್ನೆಸಿ ವಿದ್ಯಾರ್ಥಿಗಳು ಬರೆದ ಸುಮಾರು 4,000 ಪ್ರಬಂಧಗಳನ್ನು ಮುಂದಿಟ್ಟುಕೊಂಡು ಅಧ್ಯಯನಕ್ಕೆ ಕುಳಿತರು. 1977ರಲ್ಲಿ ಪ್ರಕಟವಾದ ಅವರ ಗ್ರಂಥದ ತಿರುಳು ಇಷ್ಟು: ಈ ತಪ್ಪುಗಳು ಬುದ್ಧಿಹೀನತೆಯ ಲಕ್ಷಣವಲ್ಲ, ಅವುಗಳಿಗೊಂದು ತರ್ಕವಿದೆ. ಈ ವಿದ್ಯಾರ್ಥಿಗಳು ಬರವಣಿಗೆಗೆ ಹೊಸಬರು. ಹೊಸದಾಗಿ ಕಲಿಯುವವರೆಲ್ಲರೂ ತಪ್ಪು ಮಾಡುತ್ತಲೇ ಕಲಿಯುತ್ತಾರೆ.

ಈ ಮಾತಿನ ಸತ್ಯವನ್ನು ಅರಿಯಲು ನ್ಯೂಯಾರ್ಕಿಗೆ ಹೋಗಬೇಕಾಗಿಲ್ಲ. ಉರ್ದು ಮನೆಮಾತಿನ ಹುಡುಗ 'ಬಸ್ಸು ಬಂದಳು' ಎಂದು ಬರೆದರೆ ಇಡೀ ತರಗತಿ ನಗುತ್ತದೆ. ಆದರೆ ಉರ್ದುವಿನಲ್ಲಿ ನಪುಂಸಕಲಿಂಗವಿಲ್ಲ; ಅಲ್ಲಿ ಬಸ್ಸು ಸ್ತ್ರೀಲಿಂಗ, ಪುಸ್ತಕವೂ ಸ್ತ್ರೀಲಿಂಗ. ಆ ಹುಡುಗ ಒಂದು ಭಾಷೆಯ ನಿಯಮವನ್ನು ಶ್ರದ್ಧೆಯಿಂದ ಇನ್ನೊಂದು ಭಾಷೆಗೆ ಅನ್ವಯಿಸಿದ್ದಾನೆ. ಇದನ್ನು ಬಲ್ಲ ಶಿಕ್ಷಕ ಐದು ನಿಮಿಷದಲ್ಲಿ ವ್ಯತ್ಯಾಸವನ್ನು ವಿವರಿಸಬಲ್ಲ. ಬಲ್ಲದವನು ಕೆಂಪು ಶಾಯಿಯಿಂದ ಗೀಚುತ್ತಾನೆ. ಹುಡುಗ ಮುಂದಿನ ಸಲ ಆದಷ್ಟು ಕಡಿಮೆ ಬರೆಯಲು ಕಲಿಯುತ್ತಾನೆ.

ಆ ಕಾಲಘಟ್ಟದಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ವ್ಯಾಪಕವಾಗಿ ಬೆಳೆದ ವ್ಯವಸ್ಥೆಗೆ ರೈಟಿಂಗ್ ಸೆಂಟರ್, ಅಂದರೆ ಬರವಣಿಗೆ ಕೇಂದ್ರ ಎಂದು ಹೆಸರು. ಅದೊಂದು ಮೇಜು, ಎರಡು ಕುರ್ಚಿ. ವಿದ್ಯಾರ್ಥಿ ತನ್ನ ಕರಡನ್ನು ತಂದು ಗಟ್ಟಿಯಾಗಿ ಓದುತ್ತಾನೆ. ಎದುರಿಗಿರುವವರು ಆಲಿಸಿ ಕೇಳುತ್ತಾರೆ: ನಿನಗೆ ಕೊಟ್ಟ ಪ್ರಶ್ನೆ ಯಾವುದು? ಈ ಪ್ಯಾರಾದಲ್ಲಿ ಏನು ಹೇಳಬೇಕೆಂದಿದ್ದೆ? ಅದಕ್ಕೆ ಆಧಾರವೇನು? ವಿಷಯ ಮತ್ತು ಜೋಡಣೆ ಮೊದಲು, ವ್ಯಾಕರಣ ಆಮೇಲೆ. ವ್ಯಾಕರಣದಲ್ಲೂ ಪದೇ ಪದೇ ಮರುಕಳಿಸುವ ಎರಡು ಮೂರು ತಪ್ಪುಗಳನ್ನಷ್ಟೇ ಒಮ್ಮೆಗೆ ಎತ್ತಿಕೊಳ್ಳುವುದು. ಓದಿನ ತರಬೇತಿಯೂ ಇದರೊಡನೆ ಸೇರಿದೆ. ಪಾಠದ ಪ್ರತಿಯೊಂದು ಭಾಗದ ಸಾರವನ್ನು ಒಂದೇ ವಾಕ್ಯದಲ್ಲಿ ಪಕ್ಕದಲ್ಲಿ ಬರೆದಿಡು, ಲೇಖಕನ ವಾದವನ್ನು ಪುಸ್ತಕ ಮುಚ್ಚಿ ಹೇಳು ಎಂದು ವಿದ್ಯಾರ್ಥಿಗೆ ಹೇಳಲಾಗುತ್ತದೆ.

ಬ್ರೂಕ್ಲಿನ್ ಕಾಲೇಜಿನ ಕೆನ್ನೆತ್ ಬ್ರಫಿ ಇನ್ನೊಂದು ಸಂಗತಿಯನ್ನು ಗುರುತಿಸಿದರು. ಅಧ್ಯಾಪಕರ ನೆರವನ್ನು ತರಗತಿಯ ಮುಂದುವರಿದ ಭಾಗವೆಂದು ಭಾವಿಸಿ ದೂರವಿರುತ್ತಿದ್ದ ವಿದ್ಯಾರ್ಥಿಗಳು ಸಹಪಾಠಿಗಳ ಬಳಿ ಮನ ಬಿಚ್ಚುತ್ತಿದ್ದರು. ಹಾಗಾಗಿ ವಿದ್ಯಾರ್ಥಿಗಳನ್ನೇ ತರಬೇತುಗೊಳಿಸಿ ಮೇಜಿನ ಆಚೆ ಕುಳ್ಳಿರಿಸಲಾಯಿತು. ಸ್ಟೀಫನ್ ನಾರ್ತ್ ಎಂಬ ವಿದ್ವಾಂಸರು 1984ರಲ್ಲಿ ಈ ಕೇಂದ್ರಗಳ ಧ್ಯೇಯವನ್ನು ಸ್ಪಷ್ಟಪಡಿಸಿದರು: ಸುಧಾರಿಸಬೇಕಾದುದು ಕೈಯಲ್ಲಿರುವ ಪ್ರಬಂಧವಲ್ಲ, ಅದನ್ನು ಬರೆಯುವ ವ್ಯಕ್ತಿ. ಆದ್ದರಿಂದಲೇ ಅಲ್ಲಿ ನೆರವಾಗುವವರು ಲೇಖನಿಯನ್ನು ತಮ್ಮ ಕೈಗೆ ತೆಗೆದುಕೊಳ್ಳುವುದಿಲ್ಲ.

ಈ ವಿಧಾನ ನಮ್ಮ ಪರಂಪರೆಗೆ ಅಪರಿಚಿತವೇನಲ್ಲ. ಹಿಂದಿನ ಕಾಲದ ವಿದ್ಯಾರ್ಥಿ ತಾನು ಬರೆದುಕೊಂಡ ಪ್ರತಿಯನ್ನು ಗುರುವಿನ ಮುಂದೆ ಓದಿ ಒಪ್ಪಿಸುತ್ತಿದ್ದ. ಗುರು ಆಲಿಸಿ ತಿದ್ದಿದ ಬಳಿಕವೇ ಅದನ್ನು ಇತರರಿಗೆ ಬೋಧಿಸುವ ಅನುಮತಿ, ಅಂದರೆ ಇಜಾಝತ್ ದೊರೆಯುತ್ತಿತ್ತು. ಇಂದಿಗೂ ಹಿಫ್ಝ್ ಮಾಡುವ ಬಾಲಕ ನಿತ್ಯವೂ ಉಸ್ತಾದರ ಮುಂದೆ ಕುಳಿತು ಪಠಿಸುತ್ತಾನೆ. ಇಷ್ಟೊಂದು ಸಹನೆಯಿಂದ ಆಲಿಸಲು ಬಲ್ಲ ಸಮುದಾಯವು ಅದೇ ಬಾಲಕನ ಕನ್ನಡ ಪ್ರಬಂಧವನ್ನೂ ಆಲಿಸಬಾರದೇಕೆ?

ನ್ಯೂಯಾರ್ಕಿನ ಕಥೆಗೆ ಇನ್ನೊಂದು ಮುಖವಿದೆ. ನಗರದ ಹಣಕಾಸಿನ ಬಿಕ್ಕಟ್ಟಿನ ಬಳಿಕ 1976ರಲ್ಲಿ ಉಚಿತ ಶಿಕ್ಷಣ ಕೊನೆಗೊಂಡಿತು. 1999ರಲ್ಲಿ ನಾಲ್ಕು ವರ್ಷಗಳ ಪದವಿ ಕಾಲೇಜುಗಳಿಂದ ಪೂರಕ ತರಗತಿಗಳನ್ನು ತೆಗೆದುಹಾಕುವ ನಿರ್ಧಾರಕ್ಕೆ ಅಂತಿಮ ಒಪ್ಪಿಗೆ ದೊರೆಯಿತು. ಹೋರಾಟದಿಂದ ತೆರೆದ ಬಾಗಿಲನ್ನು ಆಡಳಿತದ ಒಂದು ಠರಾವು ಅರ್ಧ ಮುಚ್ಚಬಲ್ಲದು. ನಮ್ಮ ದೇಶದಲ್ಲಿಯೂ 2009ರಲ್ಲಿ ಆರಂಭವಾದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಅದೇ ವರ್ಷ ಅಲ್ಪಸಂಖ್ಯಾತರ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 9 ಮತ್ತು 10ನೇ ತರಗತಿಗಳಿಗೆ ಸೀಮಿತಗೊಳಿಸಿತು. ಇದನ್ನು ಪ್ರಜಾಸತ್ತಾತ್ಮಕವಾಗಿ ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಪ್ರಶ್ನಿಸುವುದಕ್ಕೂ ಬರೆಯಲು ಬಲ್ಲವರು ಬೇಕು. ಒಂದು ಮನವಿ ಪತ್ರ, ಮಾಹಿತಿ ಹಕ್ಕಿನ ಒಂದು ಅರ್ಜಿ, ಸುಳ್ಳು ವರದಿಗೆ ಪತ್ರಿಕೆಯಲ್ಲಿ ಒಂದು ಸಭ್ಯ ಉತ್ತರ, ಇವೆಲ್ಲವೂ ಲೇಖನಿಯ ಕೆಲಸಗಳೇ.

ಈಗ ಯಂತ್ರವೇ ಪ್ರಬಂಧ ಬರೆದುಕೊಡುವ ಕಾಲ ಬಂದಿದೆ. ಮೊಬೈಲಿನಲ್ಲಿ ಪ್ರಶ್ನೆ ಹಾಕಿದರೆ ಕ್ಷಣಾರ್ಧದಲ್ಲಿ ನಾಲ್ಕು ಪುಟ ಸಿದ್ಧ. ಆ ಪುಟಗಳಿಂದ ಅಂಕ ದೊರೆಯಬಹುದು; ಪುಟಗಳ ಕೆಳಗೆ ಹೆಸರು ಹಾಕಿದ ವಿದ್ಯಾರ್ಥಿ ಮಾತ್ರ ಇದ್ದಲ್ಲೇ ಇರುತ್ತಾನೆ. ಬೇರೆಯವರು ನಡೆದರೆ ನಮ್ಮ ಕಾಲಿಗೆ ಬಲ ಬರುವುದಿಲ್ಲ.

ಆದುದರಿಂದ ನಮ್ಮ ವಿನಂತಿ ಇಷ್ಟೇ. ಪ್ರತಿಯೊಂದು ಊರಿನಲ್ಲಿ ಜಮಾಅತ್‌ನ ಒಂದು ಕೊಠಡಿ ಅಥವಾ ಶಾದಿ ಮಹಲ್‌ನ ಒಂದು ಮೂಲೆಯನ್ನು ವಾರಕ್ಕೆರಡು ಸಂಜೆ ಇದಕ್ಕಾಗಿ ಬಿಟ್ಟುಕೊಡಿ. ಒಂದು ನಿಘಂಟು, ಎರಡು ಕನ್ನಡ ದಿನಪತ್ರಿಕೆ, ಕೆಲವು ಪದವಿ ವಿದ್ಯಾರ್ಥಿಗಳು ಸಾಕು. ಹೆಣ್ಮಕ್ಕಳಿಗೆ ಅನುಕೂಲವಾದ ವೇಳೆಯನ್ನೇ ಮೊದಲು ಗೊತ್ತುಪಡಿಸಿ. ನೆರೆಹೊರೆಯ ಸಹೋದರ ಧರ್ಮೀಯರ ಮಕ್ಕಳೂ ಬರಲಿ. ಮೂರು ನಿಯಮಗಳಿರಲಿ: ಯಾರೂ ನಗಬಾರದು, ವಿಷಯವನ್ನು ಮೊದಲು ಆಲಿಸಬೇಕು, ಲೇಖನಿ ವಿದ್ಯಾರ್ಥಿಯ ಕೈಯಲ್ಲೇ ಇರಬೇಕು.

ಮಾತೆಯರಲ್ಲಿ ಒಂದು ಮಾತು. ತಮಗೆ ಕನ್ನಡ ಅಥವಾ ಇಂಗ್ಲಿಷ್ ಓದಲು ಬಾರದಿರಬಹುದು. ಆದರೂ ಮಗಳು ಬರೆದುದನ್ನು ಗಟ್ಟಿಯಾಗಿ ಓದಲು ಹೇಳಿ, ಮನೆಮಾತಿನಲ್ಲಿ ವಿವರಿಸಲು ಹೇಳಿ. ಅರ್ಥವಾಗದಲ್ಲಿ 'ಹಾಗೆಂದರೇನು?' ಎಂದು ಕೇಳಿ. ಉತ್ತರ ಹುಡುಕುವಾಗ ಅವಳ ಬರಹ ತಾನಾಗಿಯೇ ಸ್ಪಷ್ಟವಾಗುತ್ತದೆ. ಅದಕ್ಕೆ ಪದವಿ ಬೇಡ, ಅರ್ಧ ಗಂಟೆಯ ಸಹನೆ ಬೇಕು.

ಲೇಖನಿಯ ಮೂಲಕ ಕಲಿಸಿದ ಅಲ್ಲಾಹನು ನಮ್ಮ ಮಕ್ಕಳಿಗೆ ಸತ್ಯವನ್ನು ಸ್ಪಷ್ಟವಾಗಿ ಬರೆಯುವ ಸಾಮರ್ಥ್ಯವನ್ನೂ, ಹಿರಿಯರಿಗೆ ಅದನ್ನು ಆಲಿಸುವ ತಾಳ್ಮೆಯನ್ನೂ ದಯಪಾಲಿಸಲಿ. ಆಮೀನ್.