ಹಾಲು ಬಿಡಿಸಿದ ಮೇಲೆ ಕಣ್ಣಿನ ಅಳತೆ

ಭಾರತದಲ್ಲಿ ಹೆರಿಗೆ ರಜೆ 2017ರಲ್ಲಿ 12 ವಾರಗಳಿಂದ 26 ವಾರಗಳಿಗೆ ಏರಿತು. ಕನ್ನಡಕ ತೊಡುವ ಉದ್ಯೋಗಸ್ಥ ತಾಯಂದಿರಿಗೆ ಆ ರಜೆಯ ದಿನಗಳಲ್ಲಿ ಹೊಳೆಯುವ ಯೋಚನೆಯೊಂದಿದೆ: ಹೇಗೂ ಮನೆಯಲ್ಲೇ ಇದ್ದೇನಲ್ಲ, ಈಗಲೇ ಕನ್ನಡಕ ಬಿಡಿಸುವ ಲೇಸರ್ ಮಾಡಿಸಿಕೊಂಡರೆ ಹೇಗೆ? ಕೂಸು ಕನ್ನಡಕವನ್ನು ಎಳೆದು ಬಿಸಾಡತೊಡಗಿದ ಮೇಲಂತೂ ಆಸೆ ಇನ್ನೂ ಬಲಿಯುತ್ತದೆ. ಕಣ್ಣಿನ ವೈದ್ಯರು ಮಾತ್ರ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೂಡ ಬಸುರಿಯರಿಗೆ, ಎದೆಹಾಲೂಡಿಸುವವರಿಗೆ ಲ್ಯಾಸಿಕ್ ಎಂಬ ಈ ಲೇಸರ್ ಶಸ್ತ್ರಚಿಕಿತ್ಸೆ ಬೇಡವೆನ್ನುತ್ತದೆ.

ಲೇಸರ್ ಕಿರಣ ಮಗುವಿಗೆ ತಾಗೀತೆಂಬ ಭಯ ಇದಕ್ಕೆ ಕಾರಣವಲ್ಲ. ಮದರಾಸು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದ ಐಬಿಎಂ ಪ್ರಯೋಗಾಲಯ ಸೇರಿದ್ದ ರಂಗಸ್ವಾಮಿ ಶ್ರೀನಿವಾಸನ್, 1981ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನ, ಊಟದಲ್ಲಿ ಮಿಕ್ಕಿದ್ದ ಟರ್ಕಿ ಕೋಳಿಯ ತುಂಡೊಂದನ್ನು ಕೆಲಸಕ್ಕೆ ಕೊಂಡೊಯ್ದರು. ಅವರೂ ಸಹೋದ್ಯೋಗಿಗಳಾದ ಜೇಮ್ಸ್ ವಿನ್, ಸ್ಯಾಮ್ಯುಯೆಲ್ ಬ್ಲಮ್ ಅವರೂ ಈಗ ಲ್ಯಾಸಿಕ್‌ಗೆ ಬಳಸುವ ಎಕ್ಸೈಮರ್ ಲೇಸರನ್ನು ಅಂಗಾಂಶದ ಮೇಲೆ ಪರೀಕ್ಷಿಸಿದ್ದು ಹಾಗೆ. ಸುತ್ತಲಿನ ಭಾಗ ಸುಡದೆ ಗೀರು ಅಚ್ಚುಕಟ್ಟಾಗಿ ಮೂಡಿತ್ತು. 193 ನ್ಯಾನೋಮೀಟರಿನ ಆ ಕಿರಣ ಮೇಲುಪದರದಲ್ಲೇ ಇಂಗಿಹೋಗುತ್ತದೆ. ಕಣ್ಣಿನ ಒಳಕ್ಕೇ ಇಳಿಯದ ಕಿರಣ ಗರ್ಭ ಮುಟ್ಟುವುದೆಲ್ಲಿ ಬಂತು!

ತೊಡಕಿರುವುದು ಅಳತೆಯಲ್ಲಿ.

ಕಣ್ಣಿನ ಮುಂದಿನ ಪಾರದರ್ಶಕ ಪೊರೆ ಕಾರ್ನಿಯಾದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಒಂದು ಪಾಯಿಂಟ್ ಪವರ್ ಇಳಿಸಲು ಲೇಸರ್ ಅದರಿಂದ ಸವೆಸುವುದು ಹನ್ನೆರಡರಿಂದ ಹದಿನೈದು ಮೈಕ್ರಾನ್‌ನಷ್ಟು, ಅಂದರೆ ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿಗಿಂತ ತುಸು ಹೆಚ್ಚು. ಬಸುರಿನಲ್ಲಿ ಕಾಲು ಊದಿಕೊಳ್ಳುವ ಹಾಗೆ ಕಾರ್ನಿಯಾವೂ ನೀರು ಹಿಡಿದು ಕೊಂಚ ದಪ್ಪಗಾಗಬಹುದು, ಅದರ ಬಾಗು ಬದಲಾಗಬಹುದು. ಹಳೆಯ ಕನ್ನಡಕದಲ್ಲಿ ಮಂಜು ಕಾಣುವುದು, ಕಾಂಟ್ಯಾಕ್ಟ್ ಲೆನ್ಸ್ ಚುಚ್ಚುವುದು ಇದರಿಂದಲೂ ಇರಬಹುದು. ಸೀಮಂತದ ರವಿಕೆಗೆ ತೆಗೆದ ಅಳತೆಯಲ್ಲಿ ಮುಂದಿನ ವರ್ಷದ ರವಿಕೆಯನ್ನು ಯಾವ ದರ್ಜಿಯೂ ಹೊಲಿಯುವುದಿಲ್ಲ. ರವಿಕೆಯಾದರೆ ಬಿಚ್ಚಿ ಹೊಲಿಯಬಹುದು. ಸವೆಸಿದ ಕಾರ್ನಿಯಾವನ್ನು ಮತ್ತೆ ಅಂಟಿಸಲಾಗದು.

ಇನ್ನು ಔಷಧಿಗಳ ಮಾತು. ಶಸ್ತ್ರಚಿಕಿತ್ಸೆಯ ಬಳಿಕ ಆಂಟಿಬಯಾಟಿಕ್ ಮತ್ತು ಸ್ಟೀರಾಯ್ಡ್ ಹನಿಗಳನ್ನು ಬಿಟ್ಟುಕೊಳ್ಳಬೇಕು. ಅದಕ್ಕೂ ಮುನ್ನ ಕೆಲವರಿಗೆ ಮನಸ್ಸು ಶಾಂತವಾಗಲು ಡಯಾಜೆಪಾಮ್‌ನಂಥ ಮಾತ್ರೆ ಕೊಡುವುದುಂಟು. ಅದು ಎದೆಹಾಲಿಗೆ ಇಳಿಯುತ್ತದೆ. ಹನಿಯ ಒಂದಂಶವೂ ಮೂಗಿನೊಳಗೆ ಜಾರಿ ರಕ್ತ ಸೇರುತ್ತದೆ. ಪ್ರಮಾಣ ಅಲ್ಪವೇ, ಆದರೂ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಾಗಿ ಅಷ್ಟನ್ನಾದರೂ ಯಾಕೆ ಮೈಮೇಲೆ ಹಾಕಿಕೊಳ್ಳಬೇಕು? ಲ್ಯಾಸಿಕ್ ಕಾರ್ನಿಯಾದ ನರಗಳನ್ನು ಕತ್ತರಿಸುವುದರಿಂದ ತಿಂಗಳುಗಟ್ಟಲೆ ಕಣ್ಣು ಒಣಗಬಹುದು. ಹಾರ್ಮೋನುಗಳ ಏರಿಳಿತವೂ ಒಣಗಿಸಬಲ್ಲದು. ಮೇಲಾಗಿ, ಲ್ಯಾಸಿಕ್‌ನಲ್ಲಿ ಕತ್ತರಿಸಿ ಮೇಲೆತ್ತಿ ಮತ್ತೆ ಕೂಡಿಸಿದ ಕಾರ್ನಿಯಾದ ಮೇಲ್ಪದರ ಜರುಗಲು ಎತ್ತಿಕೊಂಡ ಕೂಸಿನ ಮುಷ್ಟಿಯ ಒಂದು ಗುದ್ದು ಸಾಕು.

ಹಾಗಾದರೆ ಯಾವಾಗ? ಹಾಲು ಬಿಡಿಸಿದ ಮೇಲೆ ಸುಮಾರು ಮೂರು ತಿಂಗಳು ಕಾಯಿರಿ ಎನ್ನುವ ವೈದ್ಯರು ಬಹಳ. ತಿಂಗಳ ಲೆಕ್ಕಕ್ಕಿಂತ ಮುಖ್ಯವಾದದ್ದು, ಕೆಲವು ವಾರಗಳ ಅಂತರದಲ್ಲಿ ತೆಗೆದ ಎರಡು ಅಳತೆಗಳು ಒಂದಕ್ಕೊಂದು ಹೊಂದುವುದು. ಆರು ತಿಂಗಳು ಬರೀ ಎದೆಹಾಲು, ಮುಂದೆ ಎರಡು ವರ್ಷ ತುಂಬುವವರೆಗೆ ಅಥವಾ ಅದಕ್ಕೂ ಹೆಚ್ಚು ಕಾಲ ಆಹಾರದ ಜೊತೆ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಲೇಸರಿಗೋಸ್ಕರ ಕೂಸಿನ ಹಾಲು ಬೇಗ ಬಿಡಿಸುವುದಂತೂ ಸರಿಯಲ್ಲ. ಅಷ್ಟು ಕಾಲ ಕನ್ನಡಕ ಸಾಕು.

ಮದುವೆಗೆ ಮುಂಚೆ ಕನ್ನಡಕ ತೆಗೆಸಿಬಿಡೋಣ ಎನ್ನುವ ಮನೆಗಳೂ ಇವೆ. ಆಗಲೂ ಲೇಸರಿಗೂ ಬಸುರಿಗೂ ನಡುವೆ ಮೂರರಿಂದ ಆರು ತಿಂಗಳು ಬಿಡುವಿದ್ದರೆ ಹನಿಗಳ ಸರದಿ ಮುಗಿದು ದೃಷ್ಟಿ ನೆಲೆಗೊಳ್ಳುತ್ತದೆ. ನಡುವೆ ಬಸುರಾದರೆ ಗಾಬರಿ ಬೇಡ. ವೈದ್ಯರಿಗೆ ತಿಳಿಸಿದರೆ ಅವರು ಹನಿಗಳನ್ನು ಬದಲಿಸಿ ಕೊಡಬಲ್ಲರು. ಹೆರಿಗೆಯಲ್ಲಿ ಮುಕ್ಕರಿದರೆ ಲೇಸರ್ ಆದ ಕಣ್ಣು ಹಾಳಾಗುತ್ತದೆಂದು ಹಿರಿಯರು ಅಳುಕುವುದುಂಟು. ಹಳೆಯ ಲೇಸರ್ ಒಂದೇ ಸಿಸೇರಿಯನ್‌ಗೆ ಕಾರಣವಾಗದು.

ಆದರೆ ಕಣ್ಣು ಮಂಜಾಗುವುದೆಲ್ಲ ಹೀಗೆ ಕಾಯಬಹುದಾದದ್ದಲ್ಲ. ಬಸುರಿನ ಐದನೇ ತಿಂಗಳು ದಾಟಿದ ಮೇಲೆ, ಅಥವಾ ಹೆರಿಗೆಯಾದ ಹೊಸದರಲ್ಲಿ, ತಲೆನೋವಿನ ಜೊತೆ ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ, ಕಣ್ಣೆದುರು ಮಿಂಚು ಹೊಡೆದಂತಾದರೆ ಅದು ಬಸುರಿನ ರಕ್ತದೊತ್ತಡದ ಕಾಯಿಲೆ ಪ್ರಿಎಕ್ಲಾಂಪ್ಸಿಯಾದ ಸೂಚನೆಯಿರಬಹುದು. ಆಗ ಹೋಗಬೇಕಾದದ್ದು ಕನ್ನಡಕದಂಗಡಿಗಲ್ಲ, ಆ ಕ್ಷಣವೇ ಹೆರಿಗೆ ಆಸ್ಪತ್ರೆಗೆ.